ಅರವತ್ತೊಂದನೆಯ ಸಾಲು

ಇದು ಶುರುವಾದದ್ದು ಮಹಾನವಮಿಯ ದಿನ, ಬೆಳಗಿನ ಎಂಟು ಗಂಟೆಗೆ. ಮಳೆಗಾಲದ ಪಡುವಣ ಗಾಳಿ ನಿಂತು, ಹತ್ತಿಯ ಕಾಯಿ ಬಿರಿಯತೊಡಗಿ, ಮೂಡಣ ಗಾಳಿ ಇನ್ನೂ ಏಳೋಣವೋ ಬೇಡವೋ ಎಂದು ಯೋಚಿಸುತ್ತಿದ್ದ ವಾರ ಅದು. ಬೆಟಗೇರಿಯ ನೇಕಾರ ಓಣಿಯಲ್ಲಿ ಹಂಪವ್ವ ತನ್ನ ಕುಣಿಮಗ್ಗ ಒರೆಸಿ, ಲಾಳಿ, ಹಣಿಗೆ, ಕತ್ತರಿ ಎಲ್ಲವನ್ನೂ ಸಾಲಾಗಿಟ್ಟು, ಬಟ್ಟಲಿನಲ್ಲಿ ವಿಭೂತಿ ಕಲಸುತ್ತ ಕೂತಿದ್ದಳು. ಆಗ ಕಿಟಕಿಯ ಕಟ್ಟೆಯ ಮೇಲಿದ್ದ ಕಿತ್ತಳೆ ಬಣ್ಣದ ಪೆಟ್ಟಿಗೆ ಮಾತಾಡಿತು.

"ಗಮನಿಸಿ. ವಿದ್ಯಾರ್ಥಿನಿಯು ನಿನ್ನೆಯಿಂದ ಯಾವ ತಪ್ಪನ್ನೂ ದಾಖಲಿಸಿಲ್ಲ."

"ಇವತ್ತು ಹಬ್ಬ ಐತೆಪಾ," ಎಂದಳು ಹಂಪವ್ವ. "ತಪ್ಪಿಗೂ ಒಂದಿನ ಸೂಟಿ ಇರಲಿ."

"ಅರ್ಥವಾಗಲಿಲ್ಲ. ದಯವಿಟ್ಟು ತಮ್ಮ ವಿದ್ಯಾರ್ಥಿ ಸಂಖ್ಯೆ ಹೇಳಿ."

ಹಂಪವ್ವನಿಗೆ ಆಗ ಎಪ್ಪತ್ತನಾಲ್ಕು ವರ್ಷ. ಎರಡನೆಯ ಇಯತ್ತೆ ಮುಗಿಯುವುದರೊಳಗೆ ಶಾಲೆ ಬಿಟ್ಟು ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕೂತವಳು. ಸಿಟ್ಟು ಅವಳಿಗೆ ಬೇಗ ಬರುತ್ತಿರಲಿಲ್ಲ. ಸಾವಿರಾರು ಎಳೆಗಳ ನಡುವೆ ಹರಿದ ಒಂದನ್ನು ಹುಡುಕಿ ಗಂಟು ಹಾಕುವವರಿಗೆ ಸಿಟ್ಟಾಗಲು ಪುರಸೊತ್ತೆಲ್ಲಿ? ಆದರೆ ಆ ಪೆಟ್ಟಿಗೆ ಮನೆಗೆ ಬಂದ ಎರಡೂವರೆ ವರ್ಷದಲ್ಲಿ ಅವಳ ತಾಳ್ಮೆಯ ತಳ ಕಾಣಿಸತೊಡಗಿತ್ತು.

ಪೆಟ್ಟಿಗೆ ಮೊಮ್ಮಗಳು ಚಂದ್ರಿಕಾಳದು. ಹತ್ತನೆಯ ಇಯತ್ತೆಯ ಹುಡುಗಿ. ಎಂಟು ವರ್ಷದವಳಿದ್ದಾಗ ಮಾಳಿಗೆ ಹತ್ತಿ, ಹಾದುಹೋಗುವ ವಿಮಾನದ ಹೊಟ್ಟೆಯನ್ನು ನೋಡಿ, "ಅಜ್ಜಿ, ಅದನ್ನ ಯಾರು ಹೊಲಿದ್ರು?" ಎಂದು ಕೇಳಿದವಳು. ಅಂದಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ವಿಮಾನದ ಇಂಜಿನಿಯರ್ ಆಗಬೇಕು.

ಹಿಂದೆ ಆ ಓದಿಗೆ ಅಂಕ ಕೇಳುತ್ತಿದ್ದರು. ನೂರಕ್ಕೆ ನೂರು ತಂದವರು ಒಳಗೆ ಹೋದರು, ವಿಮಾನ ಮಾಡಿದರು. ಆದರೆ ಹುಟ್ಟಿದಾಗಿನಿಂದ ತಪ್ಪು ಮಾಡಬಾರದೆಂದು ಹೊಡೆಸಿಕೊಂಡು ಬೆಳೆದ ಮಕ್ಕಳು ಅವರು. ಕೈತಪ್ಪಿದಾಗ ಬಾಯಿ ಬಿಡದೆ ಮುಚ್ಚಿಟ್ಟರು. ನೆಲದಲ್ಲಿ ಮುಚ್ಚಿಟ್ಟದ್ದು ಆಕಾಶದಲ್ಲಿ ಬಿಚ್ಚಿಕೊಂಡಿತು. ಮೂರು ವರ್ಷದಲ್ಲಿ ನಾಲ್ಕು ಸಲ ಹಾಗಾಗಿ ಜನ ಸತ್ತ ಮೇಲೆ ವಾಯುವಿದ್ಯಾ ಮಂಡಳಿ ಎಂಬುದೊಂದು ಹುಟ್ಟಿತು, ಅಂಕವನ್ನೇ ತೆಗೆದುಹಾಕಿತು. ಎಂಟನೆಯ ಇಯತ್ತೆಯಿಂದ ಹತ್ತರವರೆಗೆ ಮಗುವಿನ ಜೊತೆ ಒಂದು ಪೆಟ್ಟಿಗೆ ಇರಬೇಕು. ಮಗು ತನ್ನ ಕೈಯಾರೆ ಒಂದು ಪುಟ್ಟ ವಿಮಾನ ಕಟ್ಟಿ ಹಾರಿಸಬೇಕು. ಪ್ರತಿ ತಪ್ಪನ್ನೂ ತಾನೇ ಹುಡುಕಿ, ಅದರ ಬೇರು ಎಲ್ಲಿದೆ ಎಂದು ಪೆಟ್ಟಿಗೆಗೆ ಹೇಳಬೇಕು. ತಪ್ಪು ಎಷ್ಟು ಎಂಬುದು ಲೆಕ್ಕಕ್ಕಿಲ್ಲ. ಹೇಳಿದರೋ ಮುಚ್ಚಿಟ್ಟರೋ, ಅದಷ್ಟೇ ಲೆಕ್ಕ. ಹತ್ತನೆಯ ಇಯತ್ತೆ ಮುಗಿದ ಕೂಡಲೇ ಆರು ವರ್ಷದ ಪದವಿಗೆ ನೇರ ಸೀಟು.

ಕೇಳಿದಾಗ ಹಂಪವ್ವನಿಗೆ ಇದು ಸರಿಯಾಗಿಯೇ ಕಂಡಿತ್ತು. ಮಗ್ಗದ ಮನೆಯ ರೀತಿಯೂ ಅದೇ ಅಲ್ಲವೇ? ಅವಳು ಹೊಸದಾಗಿ ಸೊಸೆಯಾಗಿ ಬಂದಾಗ ಹಾಸಿನಲ್ಲಿ ಹರಿದ ಎಳೆಯೊಂದನ್ನು ನೋಡಿಯೂ ನೋಡದಂತೆ ನೇಯ್ದಿದ್ದಳು. ಹತ್ತು ಮೊಳ ಮುಂದೆ ಹೋದ ಮೇಲೆ ಮಾವನ ಕಣ್ಣಿಗೆ ಬಿತ್ತು. ಅವನು ಬೈಯಲಿಲ್ಲ. ಹತ್ತೂ ಮೊಳ ಬಿಚ್ಚಿಸಿದ.

ಆದರೆ ಜನ ಸುಮ್ಮನಿರುತ್ತಾರೆಯೇ? ಎರಡೇ ವರ್ಷದಲ್ಲಿ ಊರಿನಲ್ಲಿ ತಪ್ಪಿನ ಟ್ಯೂಷನ್ ಹುಟ್ಟಿಕೊಂಡಿತು. ಹೊಸೂರ ಸರ್ ಎಂಬವರು ಘನತೆಯ ತಪ್ಪುಗಳು ಎಂದು ನಲವತ್ತರ ಪಟ್ಟಿ ಅಚ್ಚು ಹಾಕಿಸಿದರು. ಹದಿನೇಳನೆಯ ತಪ್ಪನ್ನು ಮಂಗಳವಾರ ಮಾಡಬೇಕು, ಗುರುವಾರ ಗಾಬರಿಯಿಂದ ಹಿಡಿಯಬೇಕು, ಶನಿವಾರ ಪಶ್ಚಾತ್ತಾಪದ ದನಿಯಲ್ಲಿ ಹೇಳಬೇಕು. ಆ ದನಿಗೂ ಅಭ್ಯಾಸ ಇತ್ತು. ನಳದ ಹತ್ತಿರ ತಾಯಂದಿರು ನಮ್ಮವ ಈ ವಾರ ಆರು ತಪ್ಪು ಹಿಡಿದ, ನಿಮ್ಮವಳು ಎಷ್ಟು ಎಂದು ಕೇಳುವಂತಾಯಿತು. ಹಂಪವ್ವ ಕೊಡ ತುಂಬಿಸಿಕೊಂಡು ಮನೆಗೆ ಬರುತ್ತಿದ್ದಳು. ಎದುರು ಮನೆಯ ಹುಡುಗ ಬೇಕೆಂದೇ ತಪ್ಪು ಮಾಡಿ ಮಾಡಿ, ಕಡೆಗೆ ಸರಿ ಯಾವುದು ಎಂಬುದನ್ನೇ ಮರೆತು ಕಾಮರ್ಸ್‌ಗೆ ಸೇರಿಕೊಂಡ.

ಅವಳ ಮಗ ಮುತ್ತಣ್ಣನೂ ಕಡಿಮೆಯವನಲ್ಲ. ಊರ ಬಸ್ಸಿನಲ್ಲಿ ಕಂಡಕ್ಟರ್. ಅವನ ಹೆಂಡತಿ ಶೈಲಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸ್, ಭಾನುವಾರಕ್ಕೊಮ್ಮೆ ಮನೆಗೆ ಬರುವವಳು. ಹಾಗಾಗಿ ಮಗಳ ಓದಿನ ಉಸ್ತುವಾರಿ ಇವನದೇ. ಊಟಕ್ಕೆ ಕೂತಾಗ ಪೆಟ್ಟಿಗೆಯನ್ನು ತಟ್ಟೆಯ ಪಕ್ಕ ತಂದಿಡುತ್ತಿದ್ದ. ಚಂದ್ರಿಕಾ ನೀರು ಚೆಲ್ಲಿದರೆ, ಯಾಕೆ ಚೆಲ್ಲಿತು ಹೇಳು ಎನ್ನುತ್ತಿದ್ದ. ಲೋಟದ ತೂಕ, ಕೈಯ ಕೋನ, ಗಮನದ ಕೊರತೆ ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ರೊಟ್ಟಿ ಸೆಟೆದುಕೊಂಡಿರುತ್ತಿತ್ತು.

ಇನ್ನು ಆ ವಿಮಾನ. ಅದಕ್ಕೆ ಹುಡುಗಿ ಗಿಡುಗ ಎಂದು ಹೆಸರಿಟ್ಟಿದ್ದಳು. ರೆಕ್ಕೆ ಬಿಚ್ಚಿದರೆ ಮಗ್ಗದ ದಿಂಡಿನಷ್ಟು ಉದ್ದ. ತೂಕ ಒಂದು ಕೋಳಿಯಷ್ಟೇ. ಬೆನ್ನ ತುಂಬ ಬಿಸಿಲು ಕುಡಿಯುವ ಹಾಳೆ, ಹೊಟ್ಟೆಯಲ್ಲಿ ಪೆಟ್ಟಿಗೆ ಕೂರುವ ಗೂಡು. ಮೂಗಿನ ತುದಿಯಲ್ಲಿ ದಬ್ಬಣದಂಥ ಒಂದು ಕೊಳವೆ, ಅದರ ಬಾಯಿಗೆ ಸಣ್ಣ ತೂತು. ಅದು ಗಾಳಿಬಾಯಿ. ಹಾರುವಾಗ ಎದುರುಗಾಳಿ ಅದರೊಳಗೆ ನುಗ್ಗುತ್ತದೆ; ನುಗ್ಗುವ ರಭಸದ ಮೇಲಿಂದ ತಾನೆಷ್ಟು ಜೋರಾಗಿ ಹೋಗುತ್ತಿದ್ದೇನೆ ಎಂದು ಗಿಡುಗ ತಿಳಿಯುತ್ತದೆ. ಹೀಗೆಂದು ಚಂದ್ರಿಕಾ ಅಜ್ಜಿಗೆ ಹತ್ತು ಸಲ ಹೇಳಿದ್ದಳು. ಹಂಪವ್ವ ಹತ್ತು ಸಲವೂ ತಲೆಯಾಡಿಸಿದ್ದಳು.

ಹಾರಿಸುವ ಮೊದಲು ಅರವತ್ತು ಸಾಲಿನ ಒಂದು ಪಟ್ಟಿ ಇರುತ್ತಿತ್ತು. ಒಂದೊಂದೇ ಸಾಲು ಓದಿ, ಆ ಭಾಗ ಮುಟ್ಟಿ ನೋಡಿ, ಸರಿ ಎಂದು ಗುರುತು ಹಾಕಬೇಕು. ಹೊಸೂರ ಸರ್ ಇದನ್ನೂ ಅಭ್ಯಾಸ ಮಾಡಿಸುತ್ತಿದ್ದರು. ಕಡೆಯ ಹಾರಾಟದ ದಿನ ಮಕ್ಕಳು ತಡವರಿಸಬಾರದೆಂದು, ಅರವತ್ತಕ್ಕೂ ನಲವತ್ತೆಂಟು ಸೆಕೆಂಡಿನಲ್ಲಿ ಗುರುತು.

ಆ ವರ್ಷ ಕಡೆಯ ಹಾರಾಟ ಬಂದದ್ದು ದಸರೆಯ ಸೂಟಿಯಲ್ಲಿ, ವಿಜಯದಶಮಿ ಕಳೆದ ಎರಡನೆಯ ದಿನ, ಶುಕ್ರವಾರ. ಅದಕ್ಕೇ ಶಾಲೆಯಲ್ಲಿರುತ್ತಿದ್ದ ಗಿಡುಗ ಮನೆಗೆ ಬಂದು ಮಗ್ಗದ ಪಕ್ಕ ಕೂತಿತ್ತು. ಖಂಡೇಪೂಜೆಯ ದಿನ ಮನೆಯಲ್ಲಿ ಆಯುಧವೆಂಬ ಆಯುಧಕ್ಕೆಲ್ಲ ವಿಭೂತಿ ಕುಂಕುಮ. ಹಂಪವ್ವನ ಮನೆತನದ ಪದ್ಧತಿ ಇನ್ನೂ ಒಂದು ಕೈ ಹೆಚ್ಚು: ಪ್ರತಿ ತೂತಿಗೂ, ಪ್ರತಿ ಕೀಲಿಗೂ ಬೊಟ್ಟು ಬೀಳಲೇಬೇಕು. ಲಾಳಿಯಿಂದ ನೂಲು ಹೊರಬರುವ ತೂತನ್ನು ಬಿಟ್ಟರೆ ವರ್ಷವಿಡೀ ನೂಲು ಅಲ್ಲಿಯೇ ಹರಿಯುತ್ತದೆ ಎಂದು ಮಾವ ಹೇಳಿಕೊಟ್ಟಿದ್ದ. ಮರುದಿನ ಬೆಳಿಗ್ಗೆ ಮಗ್ಗಕ್ಕೆ ಕೈ ಹಚ್ಚುವ ಮೊದಲು ಒಂದೊಂದೇ ಲಾಳಿ ಬಾಯಿಗೆ ಹಿಡಿದು, ಉಫ್ ಎಂದು ಊದಿ, ಒಣಗಿದ ಬೊಟ್ಟು ಹಾರಿಸುವುದೂ ಅದೇ ಪದ್ಧತಿಯ ಇನ್ನರ್ಧ. ಅವಳು ಐವತ್ತಾರು ವರ್ಷ ಎರಡನ್ನೂ ತಪ್ಪಿಸಿರಲಿಲ್ಲ.

ಗಿಡುಗಕ್ಕೂ ಹಚ್ಚಿದಳು. ರೆಕ್ಕೆಗೆ ಮೂರು ಬೆರಳಿನ ವಿಭೂತಿ, ಬಾಲಕ್ಕೆ ಕುಂಕುಮ, ಕಡೆಗೆ ಮೂಗಿನ ತುದಿಗೆ ಒಂದು ಗಟ್ಟಿ ಬೊಟ್ಟು. ಚಂದ್ರಿಕಾ ಸ್ನಾನಕ್ಕೆ ಹೋಗಿದ್ದಳು.

ಆ ಸಂಜೆ ಮುತ್ತಣ್ಣ ಬಂದವನೇ ಗಿಡುಗವನ್ನು ಚೀಲಕ್ಕೆ ಹಾಕತೊಡಗಿದ. ಹೊಸೂರ ಸರ್ ಎರಡು ದಿನ ಕಡೆಯ ತಯಾರಿ ಇಟ್ಟಿದ್ದಾರೆ, ವಿಮಾನ ಅಲ್ಲಿಯೇ ಇರಬೇಕು ಎಂದ. ಪೂಜೆ ಮಾಡಿದ್ದನ್ನು ರಾತ್ರಿ ದಾಟದೆ ಕದಲಿಸಬಾರದು, ಬೆಳಿಗ್ಗೆ ಊದಿ ಕೊಡುತ್ತೇನೆ ಎಂದು ಹಂಪವ್ವ ಹೇಳಿದಳು. ಅವನು ಕೇಳಲಿಲ್ಲ. ಚಂದ್ರಿಕಾ ರೆಕ್ಕೆ, ಬಾಲ ಒರೆಸಿ ಚೀಲ ಹೊತ್ತು ಅಪ್ಪನ ಹಿಂದೆ ಹೋದಳು. ಹೊಸೂರ ಸರ್ ಹತ್ತಿರ ಯಾರೂ ವಿಮಾನ ಹಾರಿಸುತ್ತಿರಲಿಲ್ಲ. ಗೋಡೆಗೆ ಸಾಲಾಗಿ ನಿಲ್ಲಿಸಿ, ಪಟ್ಟಿಗೆ ಗುರುತು ಹಾಕುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೈಸ್ಕೂಲಿನ ಮೈದಾನದಲ್ಲಿ ಮೂವತ್ತೊಂದು ಮಕ್ಕಳು. ಬುತ್ತಿ ಹಿಡಿದುಕೊಂಡು ಹಂಪವ್ವನೂ ಹೋಗಿದ್ದಳು. ಹಳೆಯ ಸೈನ್ಸ್ ಲ್ಯಾಬನ್ನೇ ಹಾರಾಟದ ಕೋಣೆ ಮಾಡಿದ್ದರು. ಗೋಡೆಯ ತುಂಬ ಪರದೆ, ಅದರ ಮುಂದೆ ಕಳಸದ ಟೀಚರ್. ವಿಜ್ಞಾನದ ಟೀಚರ್ ಅವರು, ಮೂವತ್ತೊಂದು ಪೆಟ್ಟಿಗೆಗಳ ಗೊಣಗಾಟ ಕೇಳಿ ಕೇಳಿ ಎಡಗಿವಿಗೆ ಹತ್ತಿ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡಿದ್ದವರು. ಕಾಲು ನೋಯುತ್ತದೆ ಎಂದು ಹಂಪವ್ವನನ್ನು ಒಳಗೆ ಕರೆದು ಸ್ಟೂಲು ಕೊಟ್ಟರು.

ಚಂದ್ರಿಕಾ ಪಟ್ಟಿ ಮುಗಿಸಿದಳು, ದಾರ ಹಿಡಿದು ಓಡಿದಳು. ಗಾಳಿಪಟದ ಹಾಗೆ ಗಿಡುಗ ಮೇಲೆದ್ದಿತು. ದಾರ ಕಳಚಿ, ಇನ್ನು ನಿನ್ನ ಬುದ್ಧಿ ನಿನಗೆ ಎಂದು ಬಿಟ್ಟಳು. ಪರದೆಯ ಮೇಲೆ ಎರಡು ಗೆರೆ: ಒಂದು ಎತ್ತರದ್ದು, ಒಂದು ವೇಗದ್ದು. ಎರಡೂ ಜೊತೆಜೊತೆಯಾಗಿ ಏರತೊಡಗಿದವು. ಕಳಸದ ಟೀಚರ್ ಕಿವಿಯ ಹತ್ತಿ ತೆಗೆದರು. ಗಿಡುಗ ಮೂಗು ಎತ್ತಿತು. ಇನ್ನೂ ಎತ್ತಿತು. ಬಾಯಾರಿದ ಕೋಳಿ ಕೊರಳೆತ್ತಿದ ಹಾಗೆ ಆಕಾಶಕ್ಕೆ ಮುಖಮಾಡಿ ಒಂದು ಕ್ಷಣ ನಿಂತಿತು. ಆಮೇಲೆ ಒಂದು ರೆಕ್ಕೆಯ ಮೇಲೆ ಮಗುಚಿ, ಬಿಸಿಯೂಟದ ಕೋಣೆಯ ತಗಡಿನ ಮೇಲೆ ಬಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಸೂಟಿಯಿದ್ದರೂ ಬಂದವರಿಗೆ ಉಪ್ಪಿಟ್ಟು ಮಾಡುತ್ತಿದ್ದ ಅಡುಗೆಯವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು, ಅಷ್ಟೇ. ಪೆಟ್ಟಿಗೆ ಮಾತ್ರ ತಗಡಿನ ಮೇಲಿಂದಲೇ, ವಿದ್ಯಾರ್ಥಿನಿಯು ಏಳು ದಿನದೊಳಗೆ ಕಾರಣ ಪತ್ರ ಸಲ್ಲಿಸತಕ್ಕದ್ದು ಎಂದು ಎರಡೆರಡು ಸಲ ಹೇಳುತ್ತಿತ್ತು.

ಚೂರುಗಳನ್ನು ಇಳಿಸಿಕೊಟ್ಟಾಗ ಹಂಪವ್ವನೂ ಹತ್ತಿರ ಹೋದಳು. ರೆಕ್ಕೆ ಎರಡಾಗಿತ್ತು. ಮೂಗು ಮಾತ್ರ ಗಟ್ಟಿಯಾಗಿತ್ತು. ಆ ಕೊಳವೆಯ ಬಾಯಲ್ಲಿ, ಸುಣ್ಣ ಹಾಕಿ ತುಂಬಿದಂತೆ, ಬಿಳಿಯ ಬಿರಡೆ. ಅದರ ಅಂಚಿಗೆ ಕೆಂಪು. ಅವಳ ಕೈಯ ಬೊಟ್ಟು ಅವಳಿಗೆ ಗುರುತು ಸಿಗುವುದಿಲ್ಲವೇ? ಅಷ್ಟರಲ್ಲಿ ಚಂದ್ರಿಕಾ ಆ ಮೂಗನ್ನು ತನ್ನ ಓಢಣಿಯಲ್ಲಿ ಸುತ್ತಿ ಬಗಲಿಗೆ ಸಿಕ್ಕಿಸಿಕೊಂಡಳು. ಅಜ್ಜಿಯ ಮುಖ ನೋಡಲಿಲ್ಲ.

ನಿಯಮ ಸರಳವಾಗಿತ್ತು. ಬಿದ್ದರೆ ಸೀಟು ಹೋಗುವುದಿಲ್ಲ. ಯಾಕೆ ಬಿತ್ತು ಎಂದು ನಿಜ ಬರೆದರೆ ಸೀಟು ಉಳಿಯುತ್ತದೆ. ಬರೆದದ್ದು ಪೆಟ್ಟಿಗೆಯೊಳಗಿನ ಲೆಕ್ಕಕ್ಕೆ ತಾಳೆಯಾಗದಿದ್ದರೆ ಹೆಸರಿಗೆ ಗೀಟು, ಮತ್ತೆ ಆ ಬಾಗಿಲು ತೆರೆಯುವುದಿಲ್ಲ. ಏಳನೆಯ ದಿನದ ಸಂಜೆ ಐದರವರೆಗೆ ಪತ್ರ ತಿದ್ದಬಹುದು; ಆಮೇಲೆ ಮುದ್ರೆ. ಅಲ್ಲಿಯವರೆಗೆ ಟೀಚರ್ ಸುಳಿವು ಕೊಡುವಂತಿಲ್ಲ.

ಆ ಸಂಜೆಯೇ ಹೊಸೂರ ಸರ್ ಮನೆಗೆ ಬಂದರು. ಚಹಾ ಕುಡಿದರು. ಘನತೆಯ ತಪ್ಪುಗಳಲ್ಲಿ ಒಂಬತ್ತನೆಯದು ಇದಕ್ಕೆ ಸರಿಹೊಂದುತ್ತದೆ ಎಂದರು: ಹಠಾತ್ ಸುಳಿಗಾಳಿಯನ್ನು ಅಂದಾಜು ಮಾಡದೆ ಹೋದದ್ದು. ಪತ್ರದ ನಕಲು ಅವರ ಚೀಲದಲ್ಲಿಯೇ ಇತ್ತು, ಹೆಸರು ತುಂಬಿದರೆ ಸಾಕು. ಅಂದು ಮೈದಾನದಲ್ಲಿ ಒಣಹಾಕಿದ್ದ ಹಪ್ಪಳ ಕೂಡ ಅಲುಗಿರಲಿಲ್ಲ ಎಂದು ಹಂಪವ್ವ ಹೇಳಬೇಕೆಂದುಕೊಂಡಳು. ಹೇಳಲಿಲ್ಲ. ಹೇಳಿದರೆ, ಹಾಗಾದರೆ ಯಾಕೆ ಬಿತ್ತು ಎಂಬ ಪ್ರಶ್ನೆ ಬರುತ್ತದೆ.

ಸೋಮವಾರ ಚಂದ್ರಿಕಾ ಗಾಳಿಯ ಪತ್ರ ಕೊಟ್ಟಳು. ಶನಿವಾರ, ಭಾನುವಾರ ಎರಡೂ ದಿನ ಅವಳು ಮಾಳಿಗೆ ಹತ್ತಿರಲಿಲ್ಲ. ಭಾನುವಾರ ಬಂದ ಶೈಲಾ ಮಗಳ ಹಣೆ ಮುಟ್ಟಿ ನೋಡಿ ಜ್ವರ ಇಲ್ಲವಲ್ಲ ಎಂದು ಹೋಗಿದ್ದಳು. ಮನೆಯೊಳಗೆ ಮೂವರೂ ಒಬ್ಬರಿಗೊಬ್ಬರು ಬಲು ಮೆತ್ತಗೆ ಮಾತಾಡತೊಡಗಿದರು. ಹಂಪವ್ವನಿಗೆ ಇದು ಬೈಗುಳಕ್ಕಿಂತ ಹೇಸಿಗೆಯಾಗಿ ಕಂಡಿತು. ಮಗ್ಗಕ್ಕೆ ಕೂತರೆ ಎಳೆ ಹರಿಯುತ್ತಿತ್ತು. ನಾಲ್ಕು ದಿನ ಅವಳೂ ಬಾಯಿ ಮುಚ್ಚಿಕೊಂಡಿದ್ದಳು. ಹುಡುಗಿ ತನ್ನ ಮಾನ ಕಾಯುತ್ತಿದ್ದಾಳೆ, ಹೇಳಿದರೆ ಅವಳಿಗೇ ನೋವು ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಿದ್ದಳು. ಬುಧವಾರ ಮಧ್ಯಾಹ್ನ ಲಾಳಿ ಕೈಯಲ್ಲಿ ಹಿಡಿದು ಊದುತ್ತಿದ್ದಾಗ, ಈ ಸಮಾಧಾನ ಐವತ್ತಾರು ವರ್ಷದ ಹಿಂದಿನ ಆ ಹತ್ತು ಮೊಳದ ಸಮಾಧಾನವೇ ಎಂದು ಅವಳಿಗೆ ಹೊಳೆಯಿತು. ತನ್ನ ಮೇಲೆಯೇ ರೇಗಿ ಎದ್ದಳು. ರಿಪೇರಿಯಾಗಿ ಬಂದು ಮತ್ತೆ ಕಿಟಕಿಯ ಕಟ್ಟೆಯಲ್ಲಿ ಕೂತಿದ್ದ ಪೆಟ್ಟಿಗೆಯ ಮುಂದೆ ಹೋಗಿ ಕೂತಳು.

ಗಿಡುಗ ಬಿದ್ದದ್ದು ತನ್ನಿಂದ ಎಂದು ಅದಕ್ಕೆ ಹೇಳಿದಳು. ಪೆಟ್ಟಿಗೆ ವಿದ್ಯಾರ್ಥಿ ಸಂಖ್ಯೆ ಕೇಳಿತು. ಇಲ್ಲ ಎಂದಳು. ಏನಾದರೂ ಒಂದು ಸಂಖ್ಯೆ ಬೇಕು ಎಂದಿತು. ಒಳಗೆ ಹೋಗಿ, ಡಬ್ಬಿಯಿಂದ ರೇಷನ್ ಕಾರ್ಡು ತಂದು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಂಕಿ ಓದಿದಳು. ಆ ಸಂಖ್ಯೆಯ ವಿದ್ಯಾರ್ಥಿ ಈ ಜಿಲ್ಲೆಯಲ್ಲಿ ಇಲ್ಲ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಅದಕ್ಕೊಂದು ಉಪಾಯ ಹೊಳೆದಂತಾಯಿತು.

"ತಾವು ವಿದ್ಯಾರ್ಥಿಯ ಪರವಾಗಿ ತಪ್ಪು ಮಾಡಬಯಸುವಿರಾ? ಹೌದಾದರೆ ಹಸಿರು ಗುಂಡಿ ಒತ್ತಿ."

"ಮಾಡಿ ಆಗೇತಿ," ಎಂದಳು ಹಂಪವ್ವ. "ಅದನ್ನ ಹೇಳಾಕ ಬಂದೀನಿ."

"ಅರ್ಥವಾಗಲಿಲ್ಲ."

ಗೋಡೆಗೆ ಹೇಳಿದರೆ ಗೋಡೆ ಕನಿಷ್ಠ ಸಂಖ್ಯೆ ಕೇಳುವುದಿಲ್ಲ ಎಂದುಕೊಂಡು ಅವಳು ರೇಷನ್ ಕಾರ್ಡು ಡಬ್ಬಿಗೆ ಹಾಕಿದಳು.

ಗುರುವಾರ, ಏಳನೆಯ ದಿನ. ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆಯನ್ನು ಸಂತೆಚೀಲದಲ್ಲಿ ಹಾಕಿಕೊಂಡು ಹಂಪವ್ವ ನಡೆದೇ ಹೈಸ್ಕೂಲಿಗೆ ಹೋದಳು. ಹಾರಾಟದ ಕೋಣೆಯಲ್ಲಿ ಕಳಸದ ಟೀಚರ್ ಒಬ್ಬರೇ ಫಾರ್ಮು ತುಂಬುತ್ತಿದ್ದರು. ಅವರ ಮುಂದೆ ಕೂತು, ಖಂಡೇಪೂಜೆಯಿಂದ ಹಿಡಿದು ಓಢಣಿಯವರೆಗೆ ಎಲ್ಲ ಹೇಳಿದಳು. ಟೀಚರ್ ಪೆನ್ನು ಕೆಳಗಿಟ್ಟು, ಒಂದು ವಾರದಿಂದ ಹಿಡಿದುಕೊಂಡಿದ್ದ ಉಸಿರು ಬಿಟ್ಟರು.

ಎದ್ದು ಪರದೆಯ ಮೇಲೆ ಆ ಎರಡು ಗೆರೆ ಮತ್ತೆ ತಂದರು. ಸುಳಿಗಾಳಿ ಹೊಡೆದಿದ್ದರೆ ವೇಗದ ಗೆರೆ ಕುಣಿಯಬೇಕಿತ್ತು. ಇದು ಏಣಿ ಹತ್ತಿದಂತೆ ನೆಟ್ಟಗೆ ಏರಿದೆ. ಬೊಟ್ಟು ಒಣಗಿ ಬಾಯಿ ಮುಚ್ಚಿದಾಗ ನೆಲದ ಗಾಳಿ ಒಂದಿಷ್ಟು ಕೊಳವೆಯೊಳಗೆ ಸಿಕ್ಕಿಕೊಂಡಿತು. ಮೇಲೆ ಹೋದಂತೆಲ್ಲ ಹೊರಗಿನ ಗಾಳಿ ತೆಳ್ಳಗಾಯಿತು, ಒಳಗಿನದು ದಪ್ಪವೇ ಉಳಿಯಿತು. ಆ ಒತ್ತಡವನ್ನೇ ಗಿಡುಗ ವೇಗ ಎಂದುಕೊಂಡಿತು. ಅಯ್ಯೋ ಇಷ್ಟು ಜೋರು ಹೋಗಬಾರದು ಎಂದು ಮೂಗೆತ್ತಿ, ನಿಧಾನ ಮಾಡಿ ಮಾಡಿ, ಕಡೆಗೆ ರೆಕ್ಕೆಗೆ ಆಧಾರವೇ ಇಲ್ಲದಾಯಿತು.

"ಪಾಪ, ಅದು ಇನ್ನಾ ನಮ್ಮನಿ ಗಾಳೀನ ಉಸಿರಾಡಾಕತ್ತಿತ್ತು," ಎಂದಳು ಹಂಪವ್ವ.

ಮಂಡಳಿಯವರೂ ಈ ಗೆರೆ ನೋಡುತ್ತಾರೆ ಎಂದರು ಟೀಚರ್. ಐದು ಗಂಟೆ ಹೊಡೆದರೆ ಹುಡುಗಿಯ ಹೆಸರಿಗೆ ಗೀಟು. ಆದರೆ ಪೆಟ್ಟಿಗೆ ಹೊರಗಿನವರ ಮಾತು ಕೇಳುವುದಿಲ್ಲ. ಯೋಚಿಸಿ ಯೋಚಿಸಿ ಅವರು ಪರದೆಯ ಮೇಲೆ ಒಂದು ಹಳೆಯ ಫಾರ್ಮು ತೆರೆದರು. ಅದರಲ್ಲಿ ನೆಲದ ಸಿಬ್ಬಂದಿ ಎಂಬ ಕಲಮು ಇತ್ತು: ವಿಮಾನ ತೊಳೆಯುವವರು, ಹೊರುವವರು. ಖಾಲಿ ಬಿಟ್ಟರೆ ಚಂದ ಕಾಣುತ್ತದೆ ಎಂದು ಹೊಸೂರ ಸರ್ ಹೇಳಿಕೊಟ್ಟಿದ್ದರಿಂದ ಯಾರೂ ತುಂಬುತ್ತಿರಲಿಲ್ಲ. ಟೀಚರ್ ತುಂಬತೊಡಗಿದರು. ಹೆಸರು, ಹಂಪವ್ವ. ವಿದ್ಯಾಭ್ಯಾಸ ಖಾಲಿ ಬಿಡಲು ಯಂತ್ರ ಒಪ್ಪಲಿಲ್ಲ. ಎರಡನೆಯ ಇಯತ್ತೆ, ಅಪೂರ್ಣ. ಕೆಲಸ: ಚಾರ್ಜಿಂಗ್, ಸಾಗಾಟ, ಸ್ವಚ್ಛತೆ, ಇತರೆ. ಪೂಜೆ ಎಂದು ಬರೆಯಿರಿ ಎಂದಳು ಹಂಪವ್ವ. ಟೀಚರ್ ಇತರೆ ಒತ್ತಿ, ಮುತ್ತಣ್ಣನಿಗೆ ಫೋನು ಮಾಡಿದರು.

ಅಪ್ಪ ಮಗಳು ಬಂದಾಗ ನಾಲ್ಕೂಕಾಲು. ಮುತ್ತಣ್ಣ ಕಂಡಕ್ಟರ್ ಚೀಲ ಕೂಡ ಇಳಿಸಿರಲಿಲ್ಲ. ವಿಷಯ ಕೇಳಿ ಅವನು ಬೆಂಚಿನ ಮೇಲೆ ಕುಸಿದ.

"ಯವ್ವಾ, ಇದನ್ನ ಬರದರ ಮಂಡಳಿಯವ್ರು ನಗತಾರ. ಕುಂಕುಮ ಹಚ್ಚಿ ವಿಮಾನ ಕೆಡವಿದ ಮಂದಿ ಅಂತಾರ. ಇಂಥಾ ಮನಿ ಹುಡುಗಿಗೆ ಸೀಟು ಕೊಡ್ತಾರೇನು?"

"ನಗಲಿ ಬಿಡು. ನಕ್ಕರ ಏನೂ ಬೀಳೂದಿಲ್ಲ. ಮುಚ್ಚಿಟ್ಟರ ಬೀಳ್ತೈತಿ." ಹಂಪವ್ವ ಮೊಮ್ಮಗಳ ಕಡೆ ತಿರುಗಿದಳು. "ನನ್ನ ಹೆಸರು ಬರಬಾರ್ದಂತ ನೀ ಸುಮ್ನಿದ್ದಿ. ನಾ ನಿನಗ ಅದನ್ನ ಕೇಳಿದ್ನೇನು? ಆ ಮೂಗು ತಗದು ಮೇಜಿನ ಮ್ಯಾಲ ಇಡು."

ಚಂದ್ರಿಕಾ ಚೀಲದಿಂದ ಓಢಣಿಯ ಗಂಟು ತೆಗೆದು ಮೇಜಿನ ಮೇಲಿಟ್ಟಳು. ಬಿಚ್ಚಲಿಲ್ಲ. ಅದರ ಮೇಲೆಯೇ ಕೈ ಇಟ್ಟಳು.

"ನಿನ್ನ ಹೆಸರಿಗಲ್ಲ ಅಜ್ಜಿ," ಎಂದಳು. "ಹಂಗಂತ ಅನ್ಕೊಂಡಿದ್ದೆ. ನಾಕು ದಿನ ಹಂಗ ಅನ್ಕೊಂಡೆ. ಇಪ್ಪತ್ಮೂರನೇ ಸಾಲು ಇರ್ತೈತಿ. ಗಾಳಿಬಾಯಿ ಮುಂದ ಮೆಲ್ಲಕ ಊದು, ವೇಗದ ಮುಳ್ಳು ಆಡ್ತೈತೇನು ನೋಡು ಅಂತ. ನಾ ಊದಲಿಲ್ಲ. ನೋಡಲೂ ಇಲ್ಲ. ನಲವತ್ತಾರು ಸೆಕೆಂಡಿಗೆ ಅರವತ್ತೂ ಗುರುತು ಹಾಕಿದೆ. ಸರ್ ಹೇಳಿದ್ದಕ್ಕಿಂತ ಎರಡು ಕಡಿಮಿ. ನೀ ಬೊಟ್ಟು ಹಚ್ಚಿದಿ, ಆದ್ರ ಅದನ್ನ ಹಾರಿಸಿದಾಕಿ ನಾನು."

ಹಂಪವ್ವನಿಗೆ ಹುಡುಗಿಯ ತಲೆ ಸವರಬೇಕೆನಿಸಿತು. ಸವರಿದರೆ ಅಳುತ್ತಾಳೆ, ಗಂಟೆ ನಾಲ್ಕೂವರೆ ಆಗಿದೆ. ಚೀಲದಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು, ಹೇಳು ಎಂದಳು.

ಚಂದ್ರಿಕಾ ಮೊದಲು ಗಾಳಿಯ ಪತ್ರ ಹಿಂತೆಗೆದುಕೊಂಡಳು. ಅದು ಸುಳ್ಳು ಎಂದು ಬೇರೆಯಾಗಿ ಹೇಳಬೇಕಾಯಿತು, ಅದೂ ಒಂದು ದಾಖಲೆ. ಆಮೇಲೆ ಇಪ್ಪತ್ಮೂರನೆಯ ಸಾಲು. ಅಭ್ಯಾಸದ ಪಶ್ಚಾತ್ತಾಪದ ದನಿ ಅಲ್ಲಿ ಇರಲಿಲ್ಲ. ನಡುವೆ ಎರಡು ಸಲ ಮೂಗೆಳೆದುಕೊಂಡಳು. ಅವಳು ಮುಗಿಸಿದ ಮೇಲೆ ಹಂಪವ್ವ ಬೊಟ್ಟಿನ ಮಾತು ಹೇಳಿದಳು. ಪೆಟ್ಟಿಗೆ ಸಂಖ್ಯೆ ಕೇಳಿತು. "ನೆಲದ ಸಿಬ್ಬಂದಿ, ಒಂದು," ಎಂದು ಟೀಚರ್ ಹೇಳಿಕೊಟ್ಟದ್ದನ್ನು ಒಪ್ಪಿಸಿದಳು. ಸ್ವಾಗತ ಎಂದಿತು ಪೆಟ್ಟಿಗೆ. ಎರಡೂವರೆ ವರ್ಷದಲ್ಲಿ ಮೊದಲ ಸಲ.

ಆಮೇಲೆ ಅದೇ ಕೇಳಿತು: ಬೊಟ್ಟನ್ನು ಮರುದಿನ ಊದಿ ತೆಗೆಯುವ ಪದ್ಧತಿ ಇದ್ದಾಗ, ಆ ದಿನ ಯಾಕೆ ತೆಗೆಯಲಿಲ್ಲ?

ಹಂಪವ್ವ ಖಾಲಿ ಸಂತೆಚೀಲ ಮಡಚತೊಡಗಿದಳು. ಮಗನ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರ ನಾಲ್ಕು ಐವತ್ತೆರಡು ತೋರಿಸುತ್ತಿತ್ತು.

ಮುತ್ತಣ್ಣ ಎದ್ದು ಚೀಲ ಇಳಿಸಿದ. "ಬರಕೊಳ್ರಿ ಟೀಚರ್," ಎಂದ. "ನೆಲದ ಸಿಬ್ಬಂದಿ, ಎರಡು."

ಚೈತ್ರದಲ್ಲಿ ಮಂಡಳಿಯ ಉತ್ತರ ಬಂದಿತು. ಸೀಟು ಸಿಕ್ಕಿತ್ತು. ವಿಮಾನ ಕಟ್ಟುವ ವಿಭಾಗದಲ್ಲಿ ಅಲ್ಲ, ಬಿದ್ದ ವಿಮಾನಗಳು ಯಾಕೆ ಬಿದ್ದವು ಎಂದು ಹುಡುಕುವ ವಿಭಾಗದಲ್ಲಿ. ಯಾರೂ ಬೇಡದ ವಿಭಾಗ, ಊರ ತುಂಬ ಹೇಗೆ ಹೇಳಿಕೊಳ್ಳಲಿ ಎಂದು ಮುತ್ತಣ್ಣ ಒಂದು ವಾರ ಗೊಣಗಿದ. ಚಂದ್ರಿಕಾ ಕಾಗದ ಎರಡು ಸಲ ಓದಿ, ಆರು ತಿಂಗಳ ಮೇಲೆ ಮಾಳಿಗೆ ಹತ್ತಿದಳು.

ಅದೇ ಕಾಗದದ ಜೊತೆಗೆ ಇನ್ನೊಂದು ಸುತ್ತೋಲೆ ಇತ್ತು. ಹಾರಾಟದ ಪಟ್ಟಿಗೆ ಅರವತ್ತೊಂದನೆಯ ಸಾಲು ಸೇರಿಸಲಾಗಿದೆ: ಪೂಜೆ, ತೊಳೆಯುವಿಕೆ ಅಥವಾ ಬಣ್ಣದ ನಂತರ ಎಲ್ಲ ತೂತುಗಳನ್ನೂ ಊದಿ ತೆರೆಯಲಾಗಿದೆಯೇ? ನಾಡಿನ ಎಲ್ಲ ಹೈಸ್ಕೂಲುಗಳಿಗೂ ಅದು ಹೋಯಿತು. ಟೀಚರ್ ಓದಿ ಹೇಳಿದಾಗ ಹಂಪವ್ವನಿಗೆ ಮಾವನ ನೆನಪಾಯಿತು. ಆ ಸಂತೋಷ ಹೆಚ್ಚು ದಿನ ಇರಲಿಲ್ಲ. ಹೊಸೂರ ಸರ್ ಆ ವಾರವೇ ಹೊಸ ಬ್ಯಾಚು ಶುರುಮಾಡಿದ್ದರು. ಅವರ ಅಂಗಳದ ಮುಂದೆ ಹಾದುಹೋಗುವಾಗ ಅವಳೇ ಕಣ್ಣಾರೆ ಕಂಡಳು: ಮೂವತ್ತು ಮಕ್ಕಳು ಸಾಲಾಗಿ ನಿಂತು, ಎದುರಿಗೆ ಯಾವ ವಿಮಾನವೂ ಇಲ್ಲದೆ, ಗಾಳಿಗೆ ಒಮ್ಮೆಲೇ ಉಫ್ ಎನ್ನುತ್ತಿದ್ದರು. ಅರವತ್ತೊಂದಕ್ಕೆ ನಲವತ್ತೊಂಬತ್ತು ಸೆಕೆಂಡು. ಹಂಪವ್ವ ಕೊಡ ಬಗಲಿಗೇರಿಸಿಕೊಂಡು ಮನೆಗೆ ಬಂದಳು. ಯಾರಿಗೆ ಎಷ್ಟು ಹೇಳುವುದು?

ಚಂದ್ರಿಕಾ ಓದಿಗೆ ಹೊರಡುವ ದಿನ ಟ್ರಂಕಿಗೆ ಬೊಟ್ಟು ಇಡಲು ಬಟ್ಟಲು ಹಿಡಿದು ಬಂದ ಹಂಪವ್ವ ಬೀಗದ ಹತ್ತಿರ ಬಂದು ಕೈ ಹಿಂದೆಳೆದಳು. ಚಂದ್ರಿಕಾ ಟ್ರಂಕನ್ನು ಅವಳ ಕಡೆಗೆ ತಿರುಗಿಸಿದಳು.

"ಹಚ್ಚು ಅಜ್ಜಿ. ತೂತು ಬಿಡಬ್ಯಾಡ ಮತ್ತ."

ಹಂಪವ್ವ ಹಚ್ಚಿದಳು. ಹುಡುಗಿ ಮಂಡಿಯೂರಿ, ಬೀಗದ ಬಾಯಿಗೆ ತುಟಿ ತಂದು, ಗಟ್ಟಿಯಾಗಿ ಊದಿದಳು. ಹಸಿ ವಿಭೂತಿ ಅವಳ ಮೂಗಿಗೇ ಸಿಡಿಯಿತು. ಕೀಲಿ ತಿರುವಿ ನೋಡಿದಳು. ಒಮ್ಮೆ ಹಾಕಿ, ಒಮ್ಮೆ ತೆಗೆದು, ಮತ್ತೆ ಹಾಕಿದಳು. ಅವಸರ ಮಾಡಲಿಲ್ಲ. ಹೊರಗೆ ಮುತ್ತಣ್ಣ ರೈಲಿಗೆ ಹೊತ್ತಾಯಿತೆಂದು ಕೂಗುತ್ತಲೇ ಇದ್ದ.

ಪೆಟ್ಟಿಗೆಯನ್ನು ಶಾಲೆಯವರು ಕೂಡಲೇ ಒಯ್ಯಲಿಲ್ಲ. ಮಂಗಳವಾರ ಬೆಳಿಗ್ಗೆ ಅದು ಎಂದಿನಂತೆ ಮಾತಾಡಿತು.

"ಗಮನಿಸಿ. ನೆಲದ ಸಿಬ್ಬಂದಿ ಒಂದು, ನಿನ್ನೆಯಿಂದ ಯಾವ ತಪ್ಪೂ ದಾಖಲಾಗಿಲ್ಲ."

ಹಂಪವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ಒಂದೈತಿ, ಬರಕೋ," ಎಂದಳು. "ಎರಡು ರೊಟ್ಟಿ ಹೆಚ್ಚಿಗಿ ಬಡದೀನಿ."

"ದಾಖಲಿಸಲಾಗಿದೆ. ಮೂಲ ಕಾರಣ?"

ಅದೊಂದನ್ನು ಅವಳು ಹೇಳಲಿಲ್ಲ. ಚಂದ್ರಿಕಾ ಹೋದದ್ದು ಕಾರಹುಣ್ಣಿಮೆಯ ಮರುದಿನ, ಸೋಮವಾರ, ಬೆಳಗಿನ ರೈಲಿಗೆ. ಪೆಟ್ಟಿಗೆ ಹೋದದ್ದು ಬುಧವಾರ.